ಊಹೆ ಬರೆಸುತ್ತಿದ್ದ ಅಕ್ಕ

ಭದ್ರಾವತಿಯ ನಮ್ಮ ಹೈಸ್ಕೂಲಿಗೆ, ಸಂಜೆ ಬೆಲ್ ಹೊಡೆದ ಮೇಲೆ, ವಿಜ್ಞಾನ ಹೇಳಿಕೊಡಲು ಯೂನಿವರ್ಸಿಟಿಯಿಂದ ಒಬ್ಬರು ಬರುತ್ತಿದ್ದರು. ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವರು. ಮಿಸ್ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ, ಅಕ್ಕ ಅನ್ನಬೇಕು. ಬಂದವರೇ ದುಪಟ್ಟಾ ಸೊಂಟಕ್ಕೆ ಬಿಗಿದು, ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿಯುತ್ತಿದ್ದರು. ನಾವು ಕೈ ಹಾಕಿದರೆ, "ಮೊದಲು ಊಹೆ ಹೇಳು ಮಾರಾಯ್ತಿ!"

ಎಲ್ಲರ ಊಹೆಯೂ ಹೆಸರಿನ ಸಮೇತ ಬೋರ್ಡಿಗೇರುತ್ತಿತ್ತು. ಸುಳ್ಳಾದ ಊಹೆಯ ಪಕ್ಕ 'ತಪ್ಪು' ಅಂತ ಬರೆಯುವುದು ಪ್ರಯೋಗ ಮಾಡಿದವರ ಕೆಲಸ. ಬೇರೆ ಪಿರಿಯಡ್ಡಿನಲ್ಲಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಬೇಕು. ಅಕ್ಕನ ಕ್ಲಾಸಿನಲ್ಲಿ ತಪ್ಪಿದವರಿಗೆ ಚಪ್ಪಾಳೆ.

ಒಂದು ದಿನ ಅಕ್ಕನ ಪ್ರೊಫೆಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಈ ಕ್ಲಾಸು ಮುಂದುವರಿಯಬೇಕೋ ಬೇಡವೋ ಅಂತ ಅವರೇ ಹೇಳಬೇಕಿತ್ತು. ಅಕ್ಕ ಎರಡು ತಟ್ಟೆ ಇಟ್ಟರು: ಒಂದರಲ್ಲಿ ನಮ್ಮೂರ ಕಬ್ಬಿಣದ ಕಾರ್ಖಾನೆ ರಸ್ತೆಯ ಮಣ್ಣು, ಇನ್ನೊಂದರಲ್ಲಿ ಶಿವಮೊಗ್ಗದಿಂದ ತಂದ ತುಂಗೆಯ ಮರಳು. ಅಯಸ್ಕಾಂತಕ್ಕೆ ಯಾವುದು ಹೆಚ್ಚು ಅಂಟುತ್ತೆ? 'ಕಬ್ಬಿಣದೂರಿನ ಮಣ್ಣು' ಅಂತ ಅಕ್ಕನೂ ತಮ್ಮ ಹೆಸರು ಹಾಕಿ ಬರೆದರು.

ಅಯಸ್ಕಾಂತ ಆಡಿಸಿದವಳು ನಾನು. ನಮ್ಮ ಮಣ್ಣು ಚೂರೇ ಚೂರು ಅಂಟಿತು. ಮರಳಿನಿಂದ ಕಪ್ಪು ಪುಡಿ ಗಡ್ಡದ ಹಾಗೆ ಎದ್ದುಬಂತು.

ಪ್ರೊಫೆಸರ್ ಮೆಲ್ಲಗೆ, "ಸ್ಯಾಂಪಲ್ ಸರಿ ಇಲ್ಲ ಅನ್ಸುತ್ತೆ ಬಿಡಮ್ಮ, ಬೇರೆ ಏನಾದ್ರೂ ತೋರ್ಸು" ಅಂದರು.

"ಇಲ್ಲ ಸರ್, ನನ್ನ ಊಹೆ ಸರಿ ಇಲ್ಲ" ಅಂದ ಅಕ್ಕ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಅವರ ಹೆಸರಿನ ಪಕ್ಕ ಹೆದರಿ ಹೆದರಿ ಸಣ್ಣದಾಗಿ 'ತಪ್ಪು' ಅಂತ ಬರೆದೆ.

"ದೊಡ್ಡದಾಗಿ ಬರಿ ಮಾರಾಯ್ತಿ, ಸರ್‌ಗೆ ಅಲ್ಲಿಂದ ಕಾಣ್ಬೇಕಲ್ಲ!"

ಮೊದಲ ಚಪ್ಪಾಳೆ ಹಿಂದಿನ ಬೆಂಚಿನಿಂದ ಬಂತು.