ಓರೆ ಹಾಸಿಗೆ

ಬೀದಿಯವರೆಲ್ಲ ಹಾಸಿಗೆಯಕ್ಕ ಎಂದೇ ಕರೆಯುವ ಆಕೆಗೆ ಮೂವತ್ತೈದು ವರ್ಷದಿಂದ ಹತ್ತಿ ತುಂಬಿ ಹಾಸಿಗೆ ಹೊಲಿಯುವುದೇ ಕಸುಬು. ಕಣ್ಣು ಮುಚ್ಚಿ ಕೈಯಾಡಿಸಿದರೂ ಎಲ್ಲೂ ಉಬ್ಬು ತಗ್ಗು ಸಿಗದು. ಅಂಥವಳ ಮೂರು ಹಾಸಿಗೆಗಳನ್ನು ಮನೆಯ ನಾಯಿ ದೊರೆ ಒಂದೇ ವಾರದಲ್ಲಿ ಬೇಡವೆಂದಿದ್ದ.

ದೊರೆಗೆ ಹದಿನೈದು ವರ್ಷ. "ಇನ್ನು ತಿಂಗಳೋ, ಎರಡು ತಿಂಗಳೋ. ನೋವಿಗೆ ಮಾತ್ರೆ ಕೊಡ್ತೀನಿ," ಎಂದಿದ್ದರು ಪ್ರಾಣಿಗಳ ಡಾಕ್ಟರು. "ಬರೀ ನೆಲದ ಮೇಲೆ ಮಾತ್ರ ಬಿಡಬೇಡಿ, ಮೂಳೆ ಒತ್ತಿ ಹುಣ್ಣಾಗುತ್ತೆ."

ಹಾಸಿಗೆಯಕ್ಕ ಅಳುತ್ತ ಕೂರಲಿಲ್ಲ. ಒಳ್ಳೆಯ ಹತ್ತಿ ಹಿಂಜಿ, ಗೇಣು ದಪ್ಪದ ಹಾಸಿಗೆ ಹೊಲಿದಳು. ದೊರೆ ಮೂಸಿದ, ಮರ್ಯಾದೆಗೆಂಬಂತೆ ಒಮ್ಮೆ ಬಾಲ ಆಡಿಸಿದ, ಪಕ್ಕದ ನೆಲದ ಮೇಲೆ ಮಲಗಿದ. ಇನ್ನೂ ಮೆತ್ತಗೆ ಒಂದು, ಇನ್ನೂ ದಪ್ಪಗೆ ಒಂದು ಹೊಲಿದಳು. ಎತ್ತಿ ಮಲಗಿಸಿದರೆ ಇಳಿಯಹೋಗಿ ಮುಗ್ಗರಿಸಿದ. ಮೊಣಕೈ ಆಗಲೇ ಕೆಂಪಾಗಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವನು ಹಾಸಿಗೆ ಕಂಡ್ರೆ ಕಾಲು ಕೀಳ್ತಾನಲ್ಲೇ!" ಎಂದ ಗಂಡ.

"ನಿಮ್ಮ ನಾಲಿಗೆಗೂ ಒಂದು ಹೊಲೀತೀನಿ, ಸ್ವಲ್ಪ ಮಲಗಲಿ."

ಮರುದಿನ ಬೆಳಿಗ್ಗೆ ಅವಳು ನೆಲಕ್ಕೆ ಬೋರಲು ಬಿದ್ದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ದೊರೆಯನ್ನೇ ನೋಡಿದಳು. ಅವನು ಹಾಸಿಗೆಯತ್ತ ಮುಂಗಾಲೆತ್ತಿದ. ಕಾಲು ನಡುಗಿತು. ಮೆಲ್ಲನೆ ಕೆಳಗಿಟ್ಟು, ತನಗದು ಬೇಕಾಗಿಯೇ ಇರಲಿಲ್ಲ ಎಂಬಂತೆ ಆಚೆ ನೋಡಿದ. ಅಲ್ಲಿಂದ ನೋಡಿದರೆ ಆ ಹಾಸಿಗೆ ಗೋಡೆಯಂತಿತ್ತು.

"ಅಯ್ಯೋ ನನ್ನಪ್ಪಾ! ಮೆತ್ತಗಿದೆಯಾ ಅಂತ ನೋಡ್ದೆ, ಹತ್ತೋಕಾಗುತ್ತಾ ಅಂತ ನೋಡ್ಲೇ ಇಲ್ವಲ್ಲೋ."

ಹೊಲಿಗೆ ಬಿಚ್ಚಿ, ಒಂದು ಬದಿಯ ಹತ್ತಿಯನ್ನು ಹಿಡಿಹಿಡಿಯಾಗಿ ತೆಗೆದಳು. ಅಂಚು ಮಡಿಸಿದ ಟವೆಲ್ಲಿನಷ್ಟು ತೆಳುವಾಯಿತು, ಅಲ್ಲಿಂದ ದಿಬ್ಬದ ಹಾಗೆ ಏರುತ್ತ ಹೋಯಿತು.

"ಇದೇನೇ, ಓರೆ! ಹೀಗೆ ಹೊಲಿದಿದ್ದಕ್ಕೆ ಸೊಸೆ ಕೈಲಿ ಮೂರು ಸಲ ಬಿಚ್ಚಿಸಿದ್ಯಲ್ಲ?"

ಕೆಲಸ ಕಲಿಯುತ್ತಿದ್ದ ಸೊಸೆ ಮೂಲೆಯಿಂದ ಹೇಳಿದಳು, "ನಾಲ್ಕು ಸಲ, ಮಾವ."

ಹಾಸಿಗೆಯಕ್ಕ ನಕ್ಕಳು. "ಅವತ್ತೇ ಬಿಡಬೇಕಿತ್ತು ಕಣೇ. ನಿನ್ನ ಕೈ ನನಗಿಂತ ಮುಂದಿತ್ತು."

ದೊರೆ ತೆಳು ಅಂಚಿಗೆ ಒಂದು ಕಾಲಿಟ್ಟ. ಇನ್ನೊಂದಿಟ್ಟ. ಮೂವರೂ ಬಗ್ಗಿ ನೋಡಿದರು. ಅವನು ಮೇಲಕ್ಕೆ ಹೋಗಿ, ಮೂರು ಸುತ್ತು ಹಾಕಿ, ದೊಪ್ಪನೆ ಬಿದ್ದು ಗೊರಕೆ ಹೊಡೆದ.

ಸಂಜೆಯೊಳಗೆ ಐದು ಸಲ ಇಳಿದು ಹತ್ತಿದ. ಎರಡು ಸಲ ನೀರಿಗೆ. ಉಳಿದದ್ದು, ಎಲ್ಲರೂ ನೋಡುತ್ತಿದ್ದಾರಲ್ಲ, ಅದಕ್ಕೆ.