ತಡವಾಗಿ ಬಂದ ಬಿಲ್ಲಿನ ಬೆನ್ನು ಹತ್ತಿ ಮೋರಖಂಡಿಗೆ

ಘಾಟಬೋರಾಳದಿಂದ ಬೆಳಗಿನ ಬಸ್ಸು ಹೊರಟಾಗ ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮತ್ತೆ ಚಂದ್ರಮ್ಮ ಕಿಟಕಿಯ ಪಕ್ಕ ಕುಳಿತು, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ಮುಖ ಬಿಗಿದುಕೊಂಡಿದ್ದರು. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ನನ್ನ ಫೋನು ಇದ್ದವು. ಕಂಡಕ್ಟರ್ ನಮ್ಮ ಆಧಾರ್ ಕಾರ್ಡು ನೋಡಿ ಹುಮನಾಬಾದಿಗೆ ಎರಡು ಪುಕ್ಕಟೆ ಟಿಕೆಟ್ ಕೊಟ್ಟ. ಪುಕ್ಕಟೆ ಪ್ರಯಾಣದಲ್ಲೂ ಅತ್ತೆಯ ಮುಖ ಅರಳಲಿಲ್ಲ ಎಂದರೆ ವಿಷಯ ದೊಡ್ಡದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಇದೇ ವರ್ಷದ ವೈಶಾಖದಲ್ಲಿ ನಾನು ಅತ್ತೆಯ ಜೊತೆ ನೇಪಾಳದ ಲುಂಬಿನಿಗೆ ಹೋಗಿ ಬಂದಿದ್ದೇನೆ. ಬುದ್ಧ ಹುಟ್ಟಿದ ನೆಲ. ಅದನ್ನು ಬರೆ ಎಂದು ನಮ್ಮೂರ ಬುದ್ಧ ವಿಹಾರದವರೆಲ್ಲ ಗಂಟು ಬಿದ್ದಿದ್ದರು. ಬರೆಯಲು ಕುಳಿತರೆ ನೆನಪಾಗುತ್ತಿದ್ದುದು ಬಿಸಿಲು, ಸರದಿ ಸಾಲು ಮತ್ತು ನನ್ನ ಹರಿದ ಚಪ್ಪಲಿ ಮಾತ್ರ. ಅದಕ್ಕೇ ಅಷ್ಟು ದೂರದ ಆ ಪ್ರಯಾಣ ಬಿಟ್ಟು ನಮ್ಮದೇ ಜಿಲ್ಲೆಯೊಳಗಿನ ಈ ಒಂದು ದಿನದ ತಿರುಗಾಟವನ್ನು ಬರೆಯುತ್ತಿದ್ದೇನೆ. ಲುಂಬಿನಿ ನನಗೆ ಸರಿಯಾಗಿ ಕಂಡದ್ದು ಈ ದಾರಿಯಲ್ಲಿ.

ಮೊದಲು ಜಗಳದ ಕಥೆ ಹೇಳಬೇಕು. ಲುಂಬಿನಿಗೆ ನಮ್ಮ ಜೊತೆ ಮೋರಖಂಡಿಯ ಸೋನಾಬಾಯಿಯೂ ಬಂದಿದ್ದರು. ಅವರೂ ಅತ್ತೆಯೂ ಒಂದೇ ಊರಲ್ಲಿ ಹುಟ್ಟಿ, ಒಂದೇ ಹೊಲದಲ್ಲಿ ಕಳೆ ತೆಗೆದು ಬೆಳೆದವರು. ಮದುವೆಯಾಗಿ ಒಬ್ಬರು ಹುಮನಾಬಾದ ತಾಲೂಕಿಗೆ, ಇನ್ನೊಬ್ಬರು ಬಸವಕಲ್ಯಾಣ ತಾಲೂಕಿಗೆ ಬಿದ್ದರೂ ಗೆಳೆತನ ಬಿಡಲಿಲ್ಲ. ಸೋನಾಬಾಯಿಯ ಗಂಡ ಧೋಂಡಿಬಾ ಮಾಮಾ ಲಕ್ವ ಹೊಡೆದು ಮಂಚ ಹಿಡಿದವರು. ಸೊಸೆಯ ಮೇಲೆ ಅವರನ್ನು ಬಿಟ್ಟು ಬಂದ ಸೋನಾಬಾಯಿಗೆ ದಾರಿಯುದ್ದಕ್ಕೂ ಮನಸ್ಸು ಅಲ್ಲಿಯೇ ಇತ್ತು. ನಮ್ಮ ಗುಂಪಿನಲ್ಲಿ ಹೊರದೇಶದಲ್ಲಿ ನಡೆಯುವ ಫೋನು ನನ್ನದೊಂದೇ. ಕಂಪನಿಗೆ ಹೇಳಿ ರೋಮಿಂಗ್ ಹಾಕಿಸಿಕೊಂಡಿದ್ದೆ. ನಾವಿನ್ನೂ ಗಡಿಯ ಈಚೆ ಚಹಾ ಕುಡಿಯುತ್ತಿದ್ದಾಗಲೇ ಅದಕ್ಕೆ ನೇಪಾಳಕ್ಕೆ ಸ್ವಾಗತ ಎಂಬ ಸಂದೇಶ ಬಂತು. ನಮಗಿಂತ ಮೊದಲು ಫೋನು ಗಡಿ ದಾಟಿತ್ತು.

ವಾಪಸು ಬಂದ ಮೇಲೆ ಬಂದ ಬಿಲ್ಲಿನಲ್ಲಿ ನೇಪಾಳದ ಸುದ್ದಿಯೇ ಇರಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಪಾರಾದೆವು ಎಂದುಕೊಂಡೆವು. ಆಷಾಢ ಹುಣ್ಣಿಮೆಗೆ ವರ್ಷಾವಾಸ ಶುರು, ಮಳೆಗಾಲದ ಮೂರು ತಿಂಗಳು ವಿಹಾರದಲ್ಲಿ ಗ್ರಂಥ ಓದುತ್ತಾರೆ. ಅದನ್ನು ಕೇಳಲು ಸೋನಾಬಾಯಿ ನಮ್ಮ ಮನೆಗೆ ಬಂದರು. ಅವರು ಇರುವಾಗಲೇ ಹೊಸ ಬಿಲ್ಲು ಬಂತು. ಅದರಲ್ಲಿ ಹೊರದೇಶದ ಬಾಬ್ತು ಎಂದು ಬಿತ್ತನೆ ಸೋಯಾದ ಚೀಲದ ಬೆಲೆಯಷ್ಟು ಹಣ. ಸೋನಾಬಾಯಿಯ ಅಳಿಯ ದುಬೈಯಲ್ಲಿ ಗಾಡಿ ಓಡಿಸುತ್ತಾನೆ. ನಮ್ಮ ಮನೆಯಲ್ಲಿದ್ದ ಆ ವಾರವೆಲ್ಲ ಅವರು ನನ್ನ ಫೋನಿನಿಂದಲೇ ಮನೆಗೆ ಮಾತಾಡಿದ್ದರು. ಅತ್ತೆ ಎರಡು ಮತ್ತೆರಡು ಸೇರಿಸಿ ನಾಲ್ಕು ಮಾಡಿ, ಊಟಕ್ಕೆ ಕುಳಿತ ಗೆಳತಿಯ ಮುಂದೆ ಅಂದೇಬಿಟ್ಟರು.

"ಅಳಿಯಗ ಮಾತಾಡೋದಿದ್ರ ಹೇಳಿ ಮಾತಾಡಬೇಕಿಲ್ಲ ಸೋನಾ? ಕದ್ದು ಯಾಕ ಮಾಡ್ದಿ?"

ಸೋನಾಬಾಯಿ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದರು. "ಚಂದ್ರಿ, ಇನ್ನ ನಿಮ್ಮನಿ ನೀರ ಸುದ್ದಾ ಮುಟ್ಟಂಗಿಲ್ಲ," ಎಂದು ಗಂಟು ಕಟ್ಟಿಕೊಂಡು ಹೊರಟೇ ಹೋದರು. ಅಂದಿನಿಂದ ಅತ್ತೆಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಿಟ್ಟು ಒಂದು ಕಡೆ, ಗೆಳತಿ ಹೋದಳಲ್ಲ ಎಂಬ ಸಂಕಟ ಇನ್ನೊಂದು ಕಡೆ. ಬಿಲ್ಲು ಏನು ಹೇಳುತ್ತದೋ ಕೇಳಿಯೇಬಿಡೋಣ, ಆಕೆ ಕಳ್ಳಿಯೋ ನಾನು ಪಾಪಿಯೋ ತಿಳಿಯಲಿ ಎಂದು ಅವರೇ ಹಟ ಹಿಡಿದು ನನ್ನನ್ನು ಎಬ್ಬಿಸಿಕೊಂಡು ಹೊರಟಿದ್ದರು.

ಹುಮನಾಬಾದಿನಲ್ಲಿ ಇಳಿದಾಗ ಮಳೆ ನಿಂತಿತ್ತು. ಬಸ್ ನಿಲ್ದಾಣದ ಎದುರಿಗೆ ಮಿರ್ಚಿ ಭಜಿಯ ಎಣ್ಣೆ ಆಗಲೇ ಕಾದಿತ್ತು. ಚುರುಮುರಿ ಸುಸಲಾ, ಭಜಿ ತಿಂದು, ಖಡಕ್ ಚಹಾ ಕುಡಿದು ಫೋನಿನ ಅಂಗಡಿ ಹುಡುಕಿದೆವು. ಅಲ್ಲಿ ಕೌಂಟರಿನಲ್ಲಿ ಇದ್ದವಳು ಶಬಾನಾ ಎಂಬ ನಗುಮುಖದ ಹೆಂಗಸು. ಬಿಲ್ಲನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದಳು.

"ಅಮ್ಮಾ, ಈ ಬಿಲ್ ಈಗಿಂದದ, ಮಾತು ಈಗಿಂದಲ್ಲ. ತಾರೀಖ ನೋಡ್ರಿ, ಬುದ್ಧ ಪೌರ್ಣಿಮಾ ದಿನದ್ದು. ನೇಪಾಳದಾಗಿಂದ ಮಾಡಿದ ಫೋನ್ ಅದು."

"ಆಗಿಂದಾಗ ಯಾಕ ಬರಲಿಲ್ಲವ್ವಾ? ನಡುವ ಎರಡ ಬಿಲ್ ಕಟ್ಟೇವಿ," ಎಂದರು ಅತ್ತೆ.

"ಅಲ್ಲಿ ನಮ್ಮ ಕಂಪನಿ ಟವರ್ ಇಲ್ರಿ. ನೀವು ಅವರ ಟವರ್ ಮ್ಯಾಲ ಮಾತಾಡೀರಿ. ಎಷ್ಟ ಮಿನಿಟ್ ಆತು ಅಂತ ಅವರು ಹಿಸಾಬ ಮಾಡಿ ಇಲ್ಲಿಗಿ ಕಳಸಬೇಕು, ಇವರು ತಪಾಸ ಮಾಡಿ ನಿಮ್ಮ ಬಿಲ್ಲಿಗಿ ಹಾಕಬೇಕು. ಒಮ್ಮೊಮ್ಮೆ ಜಲ್ದಿ ಬರ್ತದ, ಒಮ್ಮೊಮ್ಮೆ ಎರಡ ತಿಂಗಳ ಹಿಡೀತದ. ನಮ್ಮ ಚಾಚಾ ಮಕ್ಕಾಕ ಉಮ್ರಾಕಂತ ಹೋಗಿ ಬಂದಾಗನೂ ಹಿಂಗ ಆಗಿತ್ತು. ತಂದ ಖಜೂರ ತಿಂದು ಮುಗದ ಮ್ಯಾಲ ಬಿಲ್ ಬಂತು."

ಆ ದಿನ ಕಣ್ಣು ಮಿಟುಕಿಸುವುದರೊಳಗೆ ನಮ್ಮ ಸೀಮೆ ಮುಟ್ಟಿದ ಮಾತಿನ ಲೆಕ್ಕ, ಯಾರ್ಯಾರದೋ ಕೈ ದಾಟಿ, ಬಿಸಿಲುಗಾಲ ಕಳೆದು, ಮುಂಗಾರು ಬಿತ್ತನೆ ಮುಗಿದ ಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದಿತ್ತು. ನಮ್ಮ ಹೆಸರು ಕೇಳದ, ಮುಖ ನೋಡದ ಯಾವುದೋ ಊರಿನ ಟವರು ನಾವು ಆಡಿದ್ದನ್ನು ಒಂದು ನಿಮಿಷವೂ ಬಿಡದೆ ನೆನಪಿಟ್ಟಿತ್ತು. ನಾನೇ ಮರೆತಿದ್ದೆ. ಅತ್ತೆ ಮಾತ್ರ ಇದನ್ನು ತಮ್ಮ ಲೆಕ್ಕಕ್ಕೆ ಇಳಿಸಿಕೊಂಡರು. "ಮದವಿಗಿ ಬರಲಾರದಾವ ಆಮ್ಯಾಲ ಬಂದು ಆಯೇರಿ ಕೊಡೂದಿಲ್ಲೇನು, ಹಂಗ," ಎಂದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು. ಗೆಳತಿ ಕದ್ದಿಲ್ಲ ಎಂಬುದು ಆಗ ಅವರ ಎದೆಗೆ ಇಳಿದಿರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಶಬಾನಾ ತೋರಿಸಿದ ಲೆಕ್ಕದಲ್ಲಿ ಅದು ಒಂದೇ ಫೋನು, ಮುಕ್ಕಾಲು ತಾಸಿಗೆ ಹತ್ತಿರ ನಡೆದದ್ದು, ಹೋದದ್ದು ಸೋನಾಬಾಯಿಯ ಮನೆಯ ನಂಬರಿಗೆ.

"ಲುಂಬಿನ್ಯಾಗ ಅವರು ನನ್ನ ಕೂಡ ಮಾಯಾದೇವಿ ಗುಡಿ ಸಾಲಿನ್ಯಾಗ ನಿಂತಿದ್ರು ಅತ್ತೀ," ಎಂದೆ. "ಫೋನು ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ಗಿಡದ ಬುಡಕ ಕುಂತಿದ್ರಿ."

"ಖರೇ ಹೇಳ್ತೀನಿ ಸುಜಾತಾ, ನಾ ಧೋಂಡಿಬಾ ಅಣ್ಣಗ ಎರಡ ಮಾತ ಆಡೀನಿ. ಮುಟ್ಟೇವಿ ಅಂದೆ, ಆರಾಮ ಅದೀವಿ ಅಂದೆ. ಮುಕ್ಕಾಲ ತಾಸ ಯಾರ ಮಾತಾಡ್ಯಾರ?"

ಆ ದಿನ ಅವರು ಫೋನು ತಿರುಗಿ ಕೊಟ್ಟಾಗ ಅದು ಪೂರ್ತಿ ಸತ್ತಿತ್ತು. ಬಿಸಿಲಿಗೆ ಬ್ಯಾಟರಿ ಹೋಗಿದೆ ಎಂದುಕೊಂಡಿದ್ದೆ. ಈಗ ಅದೂ ಅನುಮಾನವಾಯಿತು. ಉತ್ತರ ಮೋರಖಂಡಿಯಲ್ಲಿ ಮಾತ್ರ ಸಿಗಬಹುದಿತ್ತು, ಕ್ಷಮೆ ಕೇಳುವುದೂ ಅಲ್ಲಿಯೇ ಇತ್ತು.

ಬಸವಕಲ್ಯಾಣದ ಬಸ್ಸು ಹೆದ್ದಾರಿ ಹಿಡಿದಾಗ ಎರಡೂ ಕಡೆ ಸೋಯಾ, ತೊಗರಿ ಕರಿ ಮಣ್ಣಿನ ಮೇಲೆ ಹಸಿರಾಗಿ ನಿಂತಿದ್ದವು. ಹೈದರಾಬಾದಿನ ಕಡೆ ಹೋಗುವ ಲಾರಿಗಳು ನೀರು ಚಿಮ್ಮಿಸುತ್ತ ಹೋದವು. ರಾಜೇಶ್ವರ ದಾಟಿದರೂ ಅತ್ತೆ ಬೆರಳು ಮಡಿಚಿ ಆ ಮುಕ್ಕಾಲು ತಾಸಿನ ಲೆಕ್ಕವನ್ನೇ ಹಾಕುತ್ತಿದ್ದರು. ನಾನು ಮಾತ್ರ ಪ್ರತಿಯೊಂದು ಟವರನ್ನೂ ಹೊಸದಾಗಿ ನೋಡುತ್ತಿದ್ದೆ. ಇಷ್ಟು ವರ್ಷ ಅವು ಹೊಲದ ನಡುವೆ ನಿಂತ ಕಬ್ಬಿಣ ಮಾತ್ರವಾಗಿದ್ದವು. ಈಗ ಅವುಗಳ ಕೆಳಗೆ ಹೋಗುವಾಗ ದನಿ ತಗ್ಗಿಸಬೇಕು ಅನ್ನಿಸಿತು.

ಬಸವಕಲ್ಯಾಣದ ಬಜಾರಿನಲ್ಲಿ ಅತ್ತೆ ಎಲೆ, ಅಡಿಕೆ, ಒಂದು ಡಜನ್ ಹಸಿರು ಬಳೆ ಕೊಂಡರು. ಬಳೆಗಾರ ಅಳತೆ ಕೇಳಿದ. ತಮ್ಮ ಕೈಯನ್ನೇ ಮುಂದೆ ಚಾಚಿ, "ಆಕಿದೂ ಇದ ಅಳತಿ," ಎಂದರು. ಸಣ್ಣವರಿದ್ದಾಗಿನಿಂದ ಇಬ್ಬರೂ ಬಳೆ ಬದಲಾಯಿಸಿಕೊಂಡು ತೊಟ್ಟವರಂತೆ. ಅಲ್ಲಿಂದ ಮೋರಖಂಡಿಗೆ ಟಂಟಂ ಆಟೋ ಹತ್ತಿದೆವು. ಅದರಲ್ಲಿ ಹೆಂಗಸರಿಗೂ ಪುಕ್ಕಟೆ ಇಲ್ಲ, ತಲೆಗೆ ಇಪ್ಪತ್ತು ರೂಪಾಯಿ.

ಸೋನಾಬಾಯಿ ಬಾಗಿಲಲ್ಲೇ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದರು. ನಮ್ಮನ್ನು ನೋಡಿ ಎದ್ದರು, ಆದರೆ ಬರ್ರಿ ಅನ್ನಲಿಲ್ಲ. ಬಾಗಿಲಿಗೆ ಬಂದವರನ್ನು ಬರ್ರಿ ಅನ್ನದ ಮನೆ ನಮ್ಮ ಸೀಮೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಒಳಗಿನಿಂದ ಧೋಂಡಿಬಾ ಮಾಮಾ, ತೊದಲುವ ದನಿಯಲ್ಲಿ, "ಚಂದ್ರವ್ವ ತಂಗಿ ಬಂದಾಳೇನು? ಒಳಗ ಕರಿ," ಎಂದರು.

ಅವರ ಮಂಚ ಕಿಟಕಿಯ ಕೆಳಗಿತ್ತು. ಅತ್ತೆ ಮಂಚದ ಕಾಲ ಹತ್ತಿರ ನೆಲದ ಮೇಲೆ ಕುಳಿತು ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಬಿಲ್ಲು ತಡವಾಗಿ ಬಂದದ್ದು, ತಾರೀಖು ಬುದ್ಧ ಪೌರ್ಣಿಮೆಯದು, ಸೋನಾಳ ತಪ್ಪಿಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು. ಸೋನಾಬಾಯಿ ಮೆಂತ್ಯದ ಮೊರ ಹಿಡಿದೇ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಿದ್ದರು, ಮುಖ ಇನ್ನೂ ಆ ಕಡೆಗೇ.

"ಆ ಬಿಲ್ ನಂದು," ಎಂದರು ಧೋಂಡಿಬಾ ಮಾಮಾ.

ನಮಗೆ ತಿಳಿಯಲಿಲ್ಲ. ಅವರು ನಕ್ಕರು. ಅವತ್ತು ಸೊಸೆ ಫೋನನ್ನು ಅವರ ದಿಂಬಿನ ಮೇಲೆ, ಕಿವಿಯ ಹತ್ತಿರ ಇಟ್ಟು ಹೊಲಕ್ಕೆ ಹೋಗಿದ್ದಳಂತೆ. ನಮ್ಮತ್ತೆ ಎರಡು ಮಾತಾಡಿ, "ನೀವ ಇಡ್ರಿ ಅಣ್ಣಾ," ಅಂದರು. ಆಗ ನನಗೆ ಎಲ್ಲ ಹೊಳೆಯಿತು. ನಮ್ಮತ್ತೆ ಎಂದೂ ತಾವಾಗಿ ಫೋನು ಕಡಿಯುವುದಿಲ್ಲ. ಮಾತಾಡುವವರ ಮುಖದ ಮೇಲೆ ಬಾಗಿಲು ಹಾಕಿದಂತೆ ಎನ್ನುತ್ತಾರೆ. ಆ ಕಡೆಯವರೇ ಇಡಬೇಕು, ಇಲ್ಲವೇ ನಾನು ಬಂದು ಕೆಂಪು ಗುಂಡಿ ಒತ್ತಬೇಕು. ಆ ದಿನ ನಾನು ಸಾಲಿನಲ್ಲಿದ್ದೆ. ಅವರು ಫೋನನ್ನು ಹಾಗೇ ಚೀಲಕ್ಕೆ ಇಳಿಬಿಟ್ಟಿದ್ದರು.

"ಎಡಗೈ ಬರ್ತದ ನಂದು," ಎಂದರು ಮಾಮಾ. "ಒತ್ತಬಹುದಿತ್ತು, ಒತ್ತಲಿಲ್ಲ. ಲುಂಬಿನಿ ಕಿವ್ಯಾಗ ಬರಾಕತ್ತಿತ್ತು. ಹ್ಯಾಂಗ ಒತ್ಲಿ?"

ಆಮೇಲೆ ಅವರು ಲುಂಬಿನಿಯನ್ನು ಹೇಳಿದರು. ಒಂದು ಕಡೆ ಪಾಲಿಯಲ್ಲಿ ಪಠಣ, ಇನ್ನೊಂದು ಕಡೆ ತಿಳಿಯದ ಭಾಷೆಯಲ್ಲಿ ಹೆಂಗಸರ ಹಾಡು. ಬರಿಗಾಲುಗಳ ಸದ್ದು, ಯಾವುದೋ ಕೂಸಿನ ಅಳು, ನೀರು ಮಾರುವವನ ಕೂಗು. ನಡುವೆ ನಾನು ಬಂದು ಚಪ್ಪಲಿ ಹರಿಯಿತೆಂದು ಗೊಣಗಿ ಮತ್ತೆ ಸಾಲಿಗೆ ಹೋದದ್ದು.

"ಅಲ್ಲಿ ಮಳಿ ಇತ್ತೇನು? ಮ್ಯಾಲಿಂದ ಒಂದ ಸಮ ಪಟಪಟ ಅನ್ನಾಕತ್ತಿತ್ತು."

ಮಳೆಯೇ? ನೆತ್ತಿ ಒಡೆಯುವ ಬಿಸಿಲು ಇತ್ತು. ಇಲ್ಲ ಎನ್ನಲು ಬಾಯಿ ತೆರೆದಾಗ ಅತ್ತೆ ಕುಳಿತಿದ್ದ ಮರ ನೆನಪಾಯಿತು. ಆ ಮರದ ಸುತ್ತ ಕಟ್ಟಿದ್ದ ಸಾವಿರಾರು ಬಣ್ಣದ ಪತಾಕೆಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ನಾನು ಅದರ ಕೆಳಗೇ ನಿಂತಿದ್ದೆ, ಚಪ್ಪಲಿಯ ಚಿಂತೆಯಲ್ಲಿ ಕೇಳಿರಲಿಲ್ಲ. ಮೋರಖಂಡಿಯ ಕಿಟಕಿಯ ಕೆಳಗೆ ಮಲಗಿದ ಈ ಮನುಷ್ಯ ಕೇಳಿದ್ದರು. ನನಗೆ ಅಲ್ಲೇ ಅವರ ಕಾಲು ಮುಟ್ಟಬೇಕು ಅನ್ನಿಸಿತು, ಮುಟ್ಟಿದೆ.

"ಇನ್ನೊಂದೂ ಕೇಳೀನಿ," ಎಂದರು. ದನಿ ಇಳಿಯಿತು. "ಒಬ್ಬರು ಬೇಡ್ಕೊಂಡದ್ದು ಇನ್ನೊಬ್ಬರ ಮುಂದ ಹೇಳಬಾರದು ಅಂತ ಸುಮ್ಮನಿದ್ದೆ. ಈಗ ಹೇಳಲಿಲ್ಲಂದ್ರ ಇವರಿಬ್ರೂ ಹಿಂಗ ಸಾಯ್ತಾರ. ತಂಗೀ, ಗಿಡದ ಬುಡಕ ಕುಂತು ನೀ ಏನಂದಿ?"

ಅತ್ತೆ ಚೀಲದಲ್ಲಿ ಬಳೆ ತಡಕಾಡತೊಡಗಿದರು. ಮಾಮಾನೇ ಹೇಳಿದರು.

"ಮಗಂದೂ ಬೇಡಲಿಲ್ಲ, ಹೊಲದ್ದೂ ಬೇಡಲಿಲ್ಲ. 'ಸೋನಾ ನನ್ನಕಿಂತ ಮೊದಲ ಹೋಗಬಾರದು. ಆಕಿ ಇಲ್ಲಂದ್ರ ನಾ ಯಾರ ಕೂಡ ಜಗಳಾಡ್ಲಿ' ಅಂದಿ. ಹೌದಲ್ಲೋ?"

ಬಾಗಿಲಲ್ಲಿ ಮೆಂತ್ಯದ ಮೊರ ಕೆಳಗೆ ಬಿತ್ತು. ಸೋನಾಬಾಯಿ ಬಂದು ಅತ್ತೆಯ ಪಕ್ಕದಲ್ಲಿ ಕುಳಿತು ತಮ್ಮ ಕೈಯನ್ನು ಅವರ ಮಡಿಲಲ್ಲಿ ಇಟ್ಟರು. ಅತ್ತೆ ಅಳುತ್ತಲೇ ಒಂದೊಂದಾಗಿ ಹಸಿರು ಬಳೆ ತೊಡಿಸಿದರು. ಅಳತೆ ಸರಿಯಾಗಿತ್ತು. ಆಮೇಲೆ ಸೋನಾಬಾಯಿಯೇ ಮೂಗು ಒರೆಸಿಕೊಂಡು, "ಏಳ ಚಂದ್ರಿ, ರೊಟ್ಟಿ ಬಡೀತೀನಿ, ಉಂಡ ಹೋಗಬೇಕು," ಎಂದರು.

ಮೆಂತ್ಯಪಲ್ಯ, ಬಿಸಿ ರೊಟ್ಟಿ, ಗಟ್ಟಿ ಮೊಸರು. ನಾವು ತಂದ ರೊಟ್ಟಿಯನ್ನೂ ಅದರ ಜೊತೆಗೇ ಮುರಿದರು. ಬಿಲ್ಲಿನ ಹಣ ತಾವೇ ಕೊಡುವುದಾಗಿ ಮಾಮಾ ಹಟ ಹಿಡಿದಾಗ ಅತ್ತೆಗೆ ಹಳೆಯ ನಾಲಿಗೆ ತಿರುಗಿ ಬಂತು. "ಕೊಡಬೇಕ ಮತ್ತ. ಹೆಣ್ಣಮಕ್ಕಳಿಗಿ ಪುಕ್ಕಟ ಅದ, ಗಂಡಸರಿಗಿ ಟಿಕೀಟ ಅದ. ಟಿಕೀಟ ಇಲ್ಲದ ಲುಂಬಿನಿ ನೋಡ್ಕೊಂಡ ಬಂದೀರಿ," ಎಂದರು. ಮಾಮಾ ಕೆಮ್ಮು ಬರುವ ತನಕ ನಕ್ಕರು. ಹಣವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಟಂಟಂ ಹೊರಟಾಗ ತಿರುಗಿ ನೋಡಿದೆ. ಸೋನಾಬಾಯಿ ಬಳೆಯ ಕೈ ಎತ್ತಿ ನಿಂತಿದ್ದರು. ಕಿಟಕಿಯಲ್ಲಿ ದಿಂಬಿನ ಅಂಚು ಮಾತ್ರ ಕಾಣುತ್ತಿತ್ತು.

ಹುಮನಾಬಾದಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಘಾಟಬೋರಾಳದ ಬಸ್ಸಿಗೆ ಕಾಯುತ್ತಿದ್ದಾಗ ಫೋನು ರಿಂಗಾಯಿತು. ಮುಟ್ಟಿದಿರಾ ಎಂದು ಕೇಳಲು ಸೋನಾಬಾಯಿ ಮಾಡಿದ್ದರು. ಅತ್ತೆ ಅವರ ಕೂಡ ಮಾತಾಡಿ, ಆಮೇಲೆ ಆ ಕಡೆಯ ಫೋನನ್ನು ಮಾಮಾನ ಕಿವಿಗೆ ಇಡಿಸಿದರು. "ಇನ್ನ ಬಸ್ ಬರ್ತದ. ನೀವ ಇಡ್ರಿ ಅಣ್ಣಾ," ಎಂದು ಹೇಳಿ, ಎಂದಿನಂತೆ, ಕಡಿಯದೆ ಚೀಲಕ್ಕೆ ಇಳಿಬಿಟ್ಟರು.

ಬಟ್ಟೆಯ ಒಳಗಿನಿಂದ ಸಣ್ಣ ಬೆಳಕು ಕಾಣುತ್ತಿತ್ತು. ರೂಢಿಯಂತೆ ನನ್ನ ಕೈ ಅದರ ಕಡೆ ಹೋಯಿತು, ಅತ್ತೆ ನನ್ನನ್ನು ನೋಡಿದರು, ನಾನು ಕೈ ಹಿಂದೆ ತೆಗೆದುಕೊಂಡೆ. ನಿಲ್ದಾಣದಲ್ಲಿ ಶೇಂಗಾ ಮಾರುವವರು ಕೂಗುತ್ತಿದ್ದರು, ಮಳೆ ಮತ್ತೆ ತಗಡಿನ ಮೇಲೆ ಪಟಪಟ ಬೀಳತೊಡಗಿತ್ತು, ನಮ್ಮೂರ ಬಸ್ಸು ಹಾರ್ನು ಹೊಡೆಯುತ್ತ ಒಳಗೆ ಬಂತು. ಅತ್ತೆ ಚೀಲದ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಎದೆಗೆ ಅವಚಿಕೊಂಡು ಹತ್ತಿದರು.

"ಎಷ್ಟ ಮಂದಿ ಅದೀರಿ?" ಎಂದು ಕಂಡಕ್ಟರ್ ಕೇಳಿದ.

ಅತ್ತೆ ಚೀಲದೊಳಗೆ ಒಮ್ಮೆ ನೋಡಿದರು.

"ಟಿಕೀಟ ಇಬ್ಬರದ ಕೊಡ್ರಿ," ಎಂದರು.