ಸುತ್ತಿಗೆಯವ್ವನ ಮಂಡಿ

ನಂಜನಗೂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ದೀಪ ಆರಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ. ಶಿವನಂಜಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆಯುತ್ತಾರೆ. ಷಟರು ಎತ್ತುತ್ತಾರೆ, ಒಳಗೆ ಗುಡಿಸುತ್ತಾರೆ, ಹೊಸ್ತಿಲ ಮುಂದೆ ನೀರು ಚಿಮುಕಿಸಿ ರಂಗೋಲಿಯ ನಾಲ್ಕು ಗೆರೆ ಎಳೆಯುತ್ತಾರೆ. ಬಳಿಕ ಕೈ ಒರೆಸಿಕೊಂಡು, ಬೀರುವಿನಷ್ಟು ಎತ್ತರದ ಒಂದು ಯಂತ್ರದ ಮುಂದೆ ನಿಲ್ಲುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಅರ್ಥವಾಗುತ್ತದೆ. ಮುಂದಿನದು ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ.

ಯಂತ್ರದ ಗಾಜಿನಲ್ಲಿ ಒಂದು ಕೋಟೆ ಮೂಡುತ್ತದೆ. ಕಬ್ಬಿಣದ ಟೋಪಿ ತೊಟ್ಟು, ಆಳೆತ್ತರದ ಸುತ್ತಿಗೆ ಹೊತ್ತ ಹೆಂಗಸೊಬ್ಬಳು ಅಲ್ಲಿಗೆ ನಡೆದು ಬರುತ್ತಾಳೆ. ಎದುರಿಗೆ ರೆಕ್ಕೆಯುಳ್ಳ ಒಬ್ಬ ಗಂಡಸು ಇಳಿಯುತ್ತಾನೆ. ನಲವತ್ತು ದಾಟಿದ ಶಿವನಂಜಮ್ಮ ಎಡಗೈಯಲ್ಲಿ ಹಿಡಿಕೋಲನ್ನು ಹಿಡಿದು, ಬಲಗೈಯಲ್ಲಿ ಗುಂಡಿಗಳನ್ನು ಒತ್ತುತ್ತ, ಮುಖದ ಒಂದು ಗೆರೆಯೂ ಕದಲದಂತೆ ಅವನನ್ನು ಹೊಡೆದು ಕೆಡವುತ್ತಾರೆ.

"ಮಿಷೀನು ಸರಿಯಾಗೇ ಅದೆ ಸಾ," ಎನ್ನುತ್ತಾರೆ.

ಆ ಹೆಂಗಸು ಯಾರೆಂದು ಕೇಳಿದರೆ ಅವರಿಗೂ ಖಚಿತವಿಲ್ಲ. "ಇಂಗ್ಲೀಸಲ್ಲಿ ಏನೋ ಬರ್ದವ್ರೆ. ಯಾವ ದೇಸದೋಳೋ, ಯಾವ ಜಾತಿಯೋಳೋ. ನಾವು ಸುತ್ತಿಗೆಯವ್ವ ಅಂತೀವಿ. ಆರಾಡೋನು ಹದ್ದಿನಯ್ಯ."

ಇದು ೨೦೦೧ನೆಯ ಇಸವಿ. ನಂಜನಗೂಡಿನಲ್ಲೂ ತಿರುಮಕೂಡಲು ನರಸೀಪುರದಲ್ಲೂ ಗಂಗಾಧರಸ್ವಾಮಿ ಎಂಬವರಿಗೆ ಒಂದೊಂದು ವಿಡಿಯೊ ಗೇಮ್ ಅಂಗಡಿ ಇದೆ. ಎರಡು ಅಂಗಡಿಗೂ ಬೆಂಗಳೂರಿನ ಒಬ್ಬನೇ ವ್ಯಾಪಾರಿಯಿಂದ, ಒಂದೇ ದಿನ, ಒಂದೇ ಲಾರಿಯಲ್ಲಿ ತಂದ ಒಂದೇ ಬಗೆಯ ಯಂತ್ರಗಳಿವೆ. ನಂಜನಗೂಡಿನ ಯಂತ್ರ ದಿನವೂ ಗಿರಾಕಿಗಳಿಗೆ ಸಿಗುವ ಮೊದಲು ಅದರೊಂದಿಗೆ ಒಂದು ಕಾಳಗ ಆಡಿ ನೋಡುವುದು ಶಿವನಂಜಮ್ಮನವರ ಕೆಲಸ. ಇಂಥ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಬೇರೆ ಭಾಷೆಯಲ್ಲಿ ಇದೆಯೋ ತಿಳಿಯದು.

ಅವರು ಹುಲ್ಲಹಳ್ಳಿಯ ಕಡೆಯವರು. ನಾಲೆಯ ಬಯಲಿನಲ್ಲಿ ನಾಟಿ ಹಾಕುತ್ತಿದ್ದರು. ಒಂದು ಮುಂಜಾನೆ ಪೈರಿನ ಕಟ್ಟು ಹೊತ್ತು ನಾಲೆಯ ಏರಿಯಿಂದ ಜಾರಿ ಬಿದ್ದರು. ಬಲ ಮಂಡಿ ಮತ್ತೆ ನೆಟ್ಟಗಾಗಲಿಲ್ಲ. ಬಗ್ಗಲಾಗದವರಿಗೆ ನಾಟಿಯಲ್ಲಿ ಜಾಗವಿಲ್ಲ. ಗಂಡ ಅಷ್ಟರಲ್ಲೇ ತೀರಿಕೊಂಡಿದ್ದ. ನಂಜನಗೂಡಿನ ತಂಗಿಯ ಮನೆಗೆ ಬಂದು, ಈ ಅಂಗಡಿಯಲ್ಲಿ ನಿಂತೇ ಗುಡಿಸುವ ಕೆಲಸ ಹಿಡಿದರು. ಗುಂಡಿಗಳನ್ನು ಒರೆಸುವಾಗ ಯಾವುದು ಅಂಟಿಕೊಂಡಿದೆ, ಯಾವುದು ಸಡಿಲವಾಗಿದೆ ಎಂಬುದು ಬೆರಳಿಗೆ ತಿಳಿಯತೊಡಗಿತು. "ಒರ್ಸೋದ್ರ ಜೊತೆಗೆ ಒಂದಾಟ ಆಡೇ ನೋಡವ್ವ," ಎಂದರು ಮಾಲೀಕರು. ಅಲ್ಲಿಂದ ಇದು ನಡೆದು ಬಂದಿದೆ.

ನಿತ್ಯ ಆಡಿದವರಿಗೆ ನಿತ್ಯ ಕೇಳುವವರು ಹುಟ್ಟಿಕೊಂಡರು. ಯಾರನ್ನು ಆರಿಸಲಿ, ಯಾರಿಗೆ ಯಾರು ಬಗ್ಗುತ್ತಾರೆ ಎಂಬ ಪ್ರಶ್ನೆಗಳೆಲ್ಲ ಶಿವನಂಜಮ್ಮನವರ ಮುಂದೆ ಬರುತ್ತವೆ. ಅವರ ತೂಕದ ಕ್ರಮ ಬೇರೆ. "ಒಡೆಯೋದ ಎಲ್ರೂ ನೋಡ್ತಾರೆ ಸಾ. ಏಟು ಬೀಳ್ವಾಗ ಏನ್ಮಾಡ್ತಾರೆ ಅಂತ ನೋಡ್ಬೇಕು."

ಆ ಕ್ರಮದಲ್ಲಿ ಸುತ್ತಿಗೆಯವ್ವನ ಬಲಾಬಲ ಹೀಗೆ ನಿಲ್ಲುತ್ತದೆ. ಅವಳ ಸುತ್ತಿಗೆ ಉಳಿದವರ ಆಯುಧಗಳಿಗಿಂತ ಮುಂದಕ್ಕೆ ತಲುಪುತ್ತದೆ. ಅವಳ ಒಂದು ಏಟು ಹದ್ದಿನಯ್ಯನ ಮೂರಕ್ಕೆ ಸಮ. ಆದರೆ ಸುತ್ತಿಗೆ ಎತ್ತಲು ಹೊತ್ತು ಹಿಡಿಯುತ್ತದೆ, ಎತ್ತುವಾಗ ಎಡಪಕ್ಕೆ ತೆರೆದುಕೊಳ್ಳುತ್ತದೆ, ಹಾರಲು ಅವಳಿಗೆ ಬಾರದು. ಇಷ್ಟು ಕೊರತೆಗೂ ಅವಳಿಗಿರುವ ಉಪಾಯ ಒಂದೇ: ಕುಕ್ಕರಗಾಲಿನಲ್ಲಿ ಕೂರುವುದು. ಕೂತರೆ ಹದ್ದಿನಯ್ಯನ ಬೆಂಕಿಯ ಗರಿ ಅವಳ ಟೋಪಿಯ ಮೇಲೆ ಹಾದುಹೋಗುತ್ತದೆ. ಅವನು ನೆಲಕ್ಕಿಳಿದು ತಡವರಿಸುವ ಹೊತ್ತಿಗೆ ಕೂತಲ್ಲಿಂದಲೇ ಎದ್ದು ಬೀಸುವ ಏಟನ್ನು ತಡೆದವರಿಲ್ಲ. ಒಂದೂ ಏಟು ತಿನ್ನದೆ ಗೆದ್ದರೆ ಟೋಪಿ ತೆಗೆದು ಕಲ್ಲಿನ ಮೇಲೆ ಕೂರುತ್ತಾಳಂತೆ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಮಹದೇವ ಅದನ್ನು ಒಮ್ಮೆ ಕಂಡಿದ್ದಾನೆ. ಶಿವನಂಜಮ್ಮ ಕಂಡಿಲ್ಲ.

ಕೂಡಿ ಕಳೆದು ನೋಡಿದರೆ ಸುತ್ತಿಗೆಯವ್ವನೇ ಮೇಲು. ನಂಜನಗೂಡಿನಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ನರಸೀಪುರದಲ್ಲಿ ಮಾತ್ರ ಯಾರೂ ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಅಲ್ಲಿ ಕಾರಣವಿದೆ. ಇಟ್ಟಿಗೆಗೂಡಿನ ಟ್ರ್ಯಾಕ್ಟರ್ ಓಡಿಸುವ ಚಿಕ್ಕಮಾದು ಆ ಊರಿನ ಮೊದಲನೆಯ ಆಟಗಾರ. ಹದ್ದಿನಯ್ಯನನ್ನು ಹಿಡಿದರೆ ಅವನಿಗೆ ಅಲ್ಲಿ ಎದುರಿಲ್ಲ. ಹೋದ ತಿಂಗಳು ಎರಡೂರಿನ ನಡುವೆ ಒಂದು ಪಂದ್ಯ ಗೊತ್ತಾಯಿತು; ನಂಜನಗೂಡಿನಿಂದ ಮಹದೇವ ಅಲ್ಲಿಗೆ ಹೋಗಿ ಆಡಬೇಕು. ಟ್ರ್ಯಾಕ್ಟರಿನ ಸಾಮಾನಿಗೆಂದು ನಂಜನಗೂಡಿಗೆ ಬಂದಿದ್ದ ಚಿಕ್ಕಮಾದು, ಪಂದ್ಯಕ್ಕೆ ಯಾರನ್ನು ಆರಿಸಲಿ ಎಂದು ಶಿವನಂಜಮ್ಮನವರನ್ನೇ ಕೇಳಿದ. ಅವರು ತಮಗೆ ತಿಳಿದದ್ದನ್ನು ಹೇಳಿದರು. ಅವನು ತನ್ನ ಹದ್ದಿನಯ್ಯನನ್ನು ಬಿಟ್ಟು ಸುತ್ತಿಗೆಯವ್ವನನ್ನು ಆರಿಸಿದ. ಬಿಟ್ಟದ್ದನ್ನು ಮಹದೇವ ಎತ್ತಿಕೊಂಡ. ಊರವರ ಕಣ್ಣೆದುರು ಚಿಕ್ಕಮಾದು ಸೋತ, ಅದೂ ಸುಲಭವಾಗಿ ಸೋತ: ಗರಿ ಬಂದಾಗಲೆಲ್ಲ ಅವನ ಸುತ್ತಿಗೆಯವ್ವ ಕೂರಲು ತಡಮಾಡಿದಳು.

ಅಂದಿನಿಂದ ನರಸೀಪುರದವರ ಮಾತು ಒಂದೇ: ನಂಜನಗೂಡಿನ ಹೆಂಗಸು ತನ್ನೂರಿನವನು ಗೆಲ್ಲಲೆಂದು ಸುಳ್ಳು ಹೇಳಿದಳು. ಮಾತು ಬಸ್ಸು ಹತ್ತಿ ಇಲ್ಲಿಗೂ ಬಂದಿದೆ. ಕೇಳುತ್ತಿದ್ದವರು ಈಗ ಕೇಳುವುದಿಲ್ಲ. ಗಂಗಾಧರಸ್ವಾಮಿಯವರೂ ಹೇಳಿಬಿಟ್ಟಿದ್ದಾರೆ: ಸೋಮವಾರ ನರಸೀಪುರಕ್ಕೆ ಹೋಗಿ, ಆಡಿ ತೋರಿಸಿ ಮಾತು ಉಳಿಸಿಕೊಳ್ಳಬೇಕು, ಆಗದಿದ್ದರೆ ಅಂದು ಸಂಜೆಯೇ ಬೀಗದ ಕೈಯನ್ನು ಮಹದೇವನಿಗೆ ಒಪ್ಪಿಸಬೇಕು. ಮುಂದೆ ಅವನು ಬಾಗಿಲು ತೆಗೆದು ಯಂತ್ರ ನೋಡುತ್ತಾನೆ. ಇವರು ಬಂದು ಗುಡಿಸಿ ಹೋದರೆ ಸಾಕು.

"ಗುಡ್ಸೋದೇನು, ಗುಡುಸ್ತೀನಿ. ಸುಳ್ಳಿ ಅನ್ನುಸ್ಕಂಡು ಗುಡ್ಸೋದು ಎಂಗೆ ಸಾ?" ಎಂದು ಕೇಳುತ್ತಾರೆ ಶಿವನಂಜಮ್ಮ.

ಇಂದು ಆ ಸೋಮವಾರ. ನರಸೀಪುರದ ಬಸ್ಸಿನಲ್ಲಿ ಅವರು ಕಾಲು ಚಾಚಲು ಅನುಕೂಲವಾದ ಮುಂದಿನ ಸೀಟು ಹಿಡಿದಿದ್ದಾರೆ. ಬೀಗದ ಕೈ ಸೆರಗಿನಲ್ಲೇ ಇದೆ. ಲೆಕ್ಕ ಬಲ್ಲವರಿಗೆ ಇದು ಸಹಿಸಲಾಗದ ಸಂಗತಿ: ಒಂದೇ ಲೆಕ್ಕ, ಎರಡು ಊರು, ಎರಡು ಉತ್ತರ. ಬಲ ಸುತ್ತಿಗೆಯವ್ವನಲ್ಲಿದ್ದರೆ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಅದು ಎಲ್ಲಿಗೆ ಹೋಗುತ್ತದೆ? ಗಾಜಿನ ಹೊರಗೆ ಎಲ್ಲೂ ಇಲ್ಲದವಳೊಬ್ಬಳ ಮಂಡಿ ಒಂದೂರಿನಲ್ಲಿ ಗಟ್ಟಿ, ಇನ್ನೊಂದೂರಿನಲ್ಲಿ ಕುಂಟು ಎಂದರೆ ಯಾರನ್ನು ಪರೀಕ್ಷಿಸಬೇಕು?

ನರಸೀಪುರದ ಅಂಗಡಿಯಲ್ಲಿ ಉತ್ತರಗಳಿಗೆ ಬರವಿಲ್ಲ. ಬೆಂಚಿನ ಮೇಲಿದ್ದ ನಾಗೇಂದ್ರ ಎಂಬ ವೈರಿಂಗ್ ಕೆಲಸದವನ ಪ್ರಕಾರ ಕಾರಣ ವೋಲ್ಟೇಜು. ಪಕ್ಕದವನ ಪ್ರಕಾರ ಎರಡು ಹೊಳೆ ಸೇರುವ ತಂಪಿಗೆ ಯಂತ್ರದ ಕೀಲುಗಳು ಜಡವಾಗಿವೆ. ಸುತ್ತಿಗೆಯವ್ವ ಹಿಂದಿನ ಯುದ್ಧವೊಂದರಲ್ಲಿ ಮಂಡಿಗೆ ಪೆಟ್ಟು ತಿಂದವಳು ಎಂಬ ಕಥೆಯೂ ಇಲ್ಲಿ ಹುಟ್ಟಿದೆ; ಕೂರಲು ಅವಳು ತಡಮಾಡುವುದು ಅದಕ್ಕೇ ಅಂತೆ.

ಚಿಕ್ಕಮಾದು ಬಾಗಿಲಲ್ಲೇ ನಿಂತಿದ್ದಾನೆ. "ಬಾರಕ್ಕ, ಬಾ. ನಿನ್ ಮಂಡಿನ ಅವ್ಳಿಗೆ ಕೊಟ್ಬುಟ್ಟು ನನ್ ಮಾನ ಕಳ್ದಲ್ಲ!"

"ನನ್ ಮಂಡಿ ನನ್ ತಾವೇ ಅದೆ ಕಣ್ಲಾ. ಅವ್ಳ್ದು ಎಲ್ ಓಯ್ತು ಅಂತ ನೋಡಕ್ಕೇ ಬಂದಿವ್ನಿ," ಎನ್ನುತ್ತಾರೆ ಶಿವನಂಜಮ್ಮ. ಬೆಂಚಿನವರು ನಗುತ್ತಾರೆ, ಚಿಕ್ಕಮಾದು ನಗುವುದಿಲ್ಲ.

ಕೂಡಲೇ ಆಟ ಶುರುವಾಗುವುದಿಲ್ಲ. ಅಂಗಡಿ ನೋಡಿಕೊಳ್ಳುವ ಪುಟ್ಟಬಸವಯ್ಯ ಪೂಜೆ ಮುಗಿಸಬೇಕು. ಅರವತ್ತರ ಅವರು ಆಟ ಆಡಿದವರಲ್ಲ. ಆದರೆ ಯಂತ್ರಕ್ಕೆ ಪೂಜೆ ತಪ್ಪಿಸಿದವರೂ ಅಲ್ಲ. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಉಜ್ಜಿ, ಹಿಡಿಕೋಲಿನ ತಲೆಗೂ ಅದರ ಬುಡದ ಹಲಗೆಗೂ ಮೂರು ಮೂರು ಬೆರಳು ಎಳೆಯುತ್ತಾರೆ. ಎರಡು ಕಡೆಯ ಆಟಗಾರರ ಕೋಲಿಗೂ ಇದೇ ಉಪಚಾರ. ಅಂಗೈಯಲ್ಲಿ ಉಳಿದದ್ದನ್ನು ಅಲ್ಲಿಯೇ ಕೊಡವಿ, ಕರ್ಪೂರ ಬೆಳಗಿ ಕೈಮುಗಿಯುತ್ತಾರೆ.

ಶಿವನಂಜಮ್ಮ ನೋಡುತ್ತ ನಿಂತಿದ್ದಾರೆ. ಅವರೂ ಕೈಮುಗಿಯುತ್ತಾರೆ. ಬಳಿಕ ಟೋಕನ್ ಹಾಕದೆ, ಬರಿದೆ ಹಿಡಿಕೋಲನ್ನು ಹಿಡಿದು ಮೇಲಕ್ಕೆ ತಳ್ಳುತ್ತಾರೆ, ಎಡಕ್ಕೆ, ಬಲಕ್ಕೆ. ತಮ್ಮ ಕಡೆಗೆ ಎಳೆಯುತ್ತಾರೆ. ಸುತ್ತಿಗೆಯವ್ವ ಕೂರಬೇಕಾದರೆ ಕೋಲನ್ನು ಹೀಗೆಯೇ ಎಳೆಯಬೇಕು; ಹಾರುವ ಹದ್ದಿನಯ್ಯನಿಗೆ ಇದರ ಗೊಡವೆಯಿಲ್ಲ. ಮತ್ತೊಮ್ಮೆ ಎಳೆಯುತ್ತಾರೆ, ಬೆರಳನ್ನು ಮೂಗಿನ ಬಳಿ ಹಿಡಿಯುತ್ತಾರೆ. ಹಲಗೆ ಆಟಗಾರನ ಕಡೆಗೆ ಇಳಿಜಾರು. ಕೋಲಿನ ಬುಡದ ಕಂಡಿಯಲ್ಲಿ, ಇಳಿಜಾರಿನ ಬದಿಗೆ, ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿದೆ.

ಅವರು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಈ ಮಾತನ್ನು ಹೇಗೆ ಆಡಬೇಕೆಂಬುದು ಅವರಿಗೆ ತೋಚದಿರುವುದು ಸ್ಪಷ್ಟವಾಗಿದೆ.

"ಬಸವಯ್ಯೋರೆ, ತಪ್ಪು ತಿಳ್ಕಬ್ಯಾಡಿ. ಈಬೂತಿ ಒಳುಕ್ಕೆ ಓಗಿ ಕೂತದೆ. ಕೋಲು ಪೂರ್ತಿ ಬತ್ತಾ ಇಲ್ಲ. ಅದ್ಕೇ ಅವ್ಳು ತಡವಾಗಿ ಕೂತ್ಕತಾಳೆ."

ಪುಟ್ಟಬಸವಯ್ಯನವರ ಮುಖ ಬಿಗಿಯುತ್ತದೆ. "ವಿಭೂತಿ ಇಟ್ರೆ ಬಲ ಬರುತ್ತೆ ಅಂತ ನಮ್ಮ ಹಿರೀಕರು ಹೇಳಿದ್ರು. ಹೋಗುತ್ತೆ ಅಂತ ಹೇಳೋಳು ನೀನೊಬ್ಬಳೇ ಕಣವ್ವ."

"ಓಯ್ತದೆ ಅಂತ ನಾನೆಲ್ ಅಂದೆ? ಮಂಡಿಗೆ ಇಕ್ಬ್ಯಾಡಿ ಅಂದೆ ಅಷ್ಟೇ. ನೆತ್ತಿಗೆ ಇಕ್ಕಿ."

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಗುತ್ತಾರೆ. ಪುಟ್ಟಬಸವಯ್ಯ ಆ ಕಡೆ ನೋಡಿದ ಕೂಡಲೇ ನಗು ನಿಲ್ಲುತ್ತದೆ. ಒಂದು ಗಳಿಗೆ ಎಲ್ಲವೂ ಅವರ ಒಂದು ಮಾತಿನ ಮೇಲೆ ನಿಂತಿದೆ. ಅವರು ಬೇಡವೆಂದರೆ ಯಂತ್ರ ಬಿಚ್ಚುವಂತಿಲ್ಲ. ಕೊನೆಗೆ, "ಬಿಚ್ಚಿ ನೋಡಿ. ಚಪ್ಪಲಿ ಹೊರಗೆ ಬಿಡಿ," ಎನ್ನುತ್ತಾರೆ.

ಚಿಕ್ಕಮಾದು ಟ್ರ್ಯಾಕ್ಟರಿನಿಂದ ಸ್ಕ್ರೂ ಡ್ರೈವರು ತರುತ್ತಾನೆ. ಹಲಗೆ ಎದ್ದು ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶಿವನಂಜಮ್ಮ ಎರಡೂ ಕೋಲುಗಳ ಬುಡವನ್ನು ಕೆರೆಯುತ್ತಾರೆ. ಉದುರಿದ್ದು ಒಂದು ಹಿಡಿಯಷ್ಟಾಗುತ್ತದೆ. ಅದನ್ನು ನೆಲಕ್ಕೆ ಬೀಳಗೊಡದೆ ಪುಟ್ಟಬಸವಯ್ಯ ಬಾಳೆಲೆಯ ತುಂಡಿನಲ್ಲಿ ಹಿಡಿಯುತ್ತಾರೆ, ತಾವು ಹಣೆಗಿಟ್ಟುಕೊಳ್ಳುತ್ತಾರೆ, ಬೆಂಚಿನವರಿಗೆಲ್ಲ ಇಡುತ್ತಾರೆ. ಕೊನೆಗೆ ಶಿವನಂಜಮ್ಮನವರಿಗೂ ಇಟ್ಟು, "ಇನ್ನು ಆಡಿ," ಎನ್ನುತ್ತಾರೆ.

ಹಲಗೆ ಮತ್ತೆ ಕೂತ ಮೇಲೆ ಚಿಕ್ಕಮಾದು ಎದುರು ನಿಲ್ಲುತ್ತಾನೆ. "ನಾನು ಹದ್ದಿನಯ್ಯ. ನೀನೇ ತಕ್ಕೊ ನಿನ್ ಅವ್ವನ್ನ."

ಕಾಳಗ ಬೇಗ ಮುಗಿಯುತ್ತದೆ. ಹದ್ದಿನಯ್ಯನ ಮೊದಲ ಗರಿ ಅವಳ ಪಕ್ಕೆಗೆ ತಾಗುತ್ತದೆ. ಎರಡನೆಯದು ಬರುವಷ್ಟರಲ್ಲಿ ಅವಳು ಕೂತಿದ್ದಾಳೆ. ಮೂರನೆಯದಕ್ಕೂ ಕೂತಿದ್ದಾಳೆ. ಅವನು ನೆಲಕ್ಕಿಳಿಯುತ್ತಾನೆ, ತಡವರಿಸುತ್ತಾನೆ. ಸುತ್ತಿಗೆ ಏಳುತ್ತದೆ. ಮತ್ತೆರಡು ಬಾರಿ ಅದೇ ನಡೆದು ಹದ್ದಿನಯ್ಯ ಮಲಗುತ್ತಾನೆ.

ಚಿಕ್ಕಮಾದು ಕೋಲಿನಿಂದ ಕೈ ತೆಗೆಯುವುದಿಲ್ಲ. ಸೋತ ಸಿಟ್ಟಿಗಿಂತ ಬೇರೆಯದೇನೋ ಅವನ ಮುಖದಲ್ಲಿದೆ. "ಅಂಗಾರೆ ಇಷ್ಟ್ ದಿನ ನಾನು ಗೆದ್ದಿದ್ದು? ಎದ್ರುಗಿದ್ದೋರು ಯಾರ್ಗೂ ಕೂರಕ್ಕೇ ಆಗ್ತಿರ್ನಿಲ್ಲ ಅಂದ್ರೆ, ನಾನು ಗೆದ್ದಿದ್ದು ಯಾರ್ನಕ್ಕ?"

ವೋಲ್ಟೇಜಿನ ನಾಗೇಂದ್ರ ಮೀಟರು ಪೆಟ್ಟಿಗೆಯ ಕಡೆ ನೋಡುತ್ತಾನೆ. ಈ ಲೆಕ್ಕವನ್ನು ಹಿಂದಕ್ಕೆ ಬಿಡಿಸಲು ಯಾವ ಸೂತ್ರವೂ ಒದಗುವುದಿಲ್ಲ.

"ಬೂದಿ ನೀನೇನ್ ಆಕಿರ್ನಿಲ್ವಲ್ಲ. ಗೆದ್ದಿದ್ದು ಗೆದ್ದಿದ್ದೇ," ಎನ್ನುತ್ತಾರೆ ಶಿವನಂಜಮ್ಮ. "ನಾನು ಸುಳ್ಳೇಳ್ನಿಲ್ಲ ಕಣಪ್ಪ. ಈ ಕೋಲ ಮುಟ್ದೆ ಯೇಳ್ಬುಟ್ಟೆ. ಅಷ್ಟೇ ತಪ್ಪು."

ಚಿಕ್ಕಮಾದು ಈಗ ಕೋಲಿನಿಂದ ಕೈ ತೆಗೆಯುತ್ತಾನೆ. ಬಳಿಕ ಬೆಂಚಿನ ಕಡೆ ತಿರುಗಿ ಗದರುತ್ತಾನೆ: "ಯಾವನ್ಲಾ ಅವ, ಅಕ್ಕ ಸುಳ್ಳೇಳುದ್ಲು ಅಂದೋನು?" ಎಲ್ಲರಿಗಿಂತ ಮೊದಲು ಅಂದವನು ಅವನೇ. ಯಾರೂ ಅದನ್ನು ಎತ್ತಿ ಆಡುವುದಿಲ್ಲ.

ಪುಟ್ಟಬಸವಯ್ಯ ಅಂಗಡಿಯ ಫೋನಿನಿಂದ ಗಂಗಾಧರಸ್ವಾಮಿಯವರಿಗೆ ವಿಷಯ ತಿಳಿಸುತ್ತಾರೆ. ವಿಭೂತಿಯ ಮಾತು ಬಂದಾಗ ದನಿ ತಗ್ಗಿಸಿ, "ಧೂಳು, ಧೂಳು," ಎನ್ನುತ್ತಾರೆ. ಶಿವನಂಜಮ್ಮ ಅದನ್ನು ಕೇಳಿಸಿಕೊಂಡರೂ ತಿದ್ದುವುದಿಲ್ಲ. ಇನ್ನು ಮುಂದೆ ಸೋಮವಾರಕ್ಕೊಮ್ಮೆ ಅವರೇ ಬಂದು ಇಲ್ಲಿಯ ಯಂತ್ರವನ್ನೂ ನೋಡಬೇಕೆಂದು ಮಾಲೀಕರ ಅಪ್ಪಣೆಯಾಗಿದೆ.

ಹಿಂದಿರುಗುವ ಬಸ್ಸು ಖಾಲಿಯಿದೆ. ಸುತ್ತಿಗೆಯವ್ವ ಬಲಶಾಲಿಯೋ ಅಲ್ಲವೋ ಎಂಬ ಪ್ರಶ್ನೆ ಇನ್ನೂ ಮುಗಿದಂತೆ ತೋರುವುದಿಲ್ಲ. ಅವಳ ಬಲ ಅವಳಲ್ಲಿದೆಯೇ, ಕೋಲಿನಲ್ಲಿದೆಯೇ, ಕೋಲು ಹಿಡಿದ ಕೈಯಲ್ಲಿದೆಯೇ? ಹಾಗೆಂದು ಕೇಳಿದಾಗ ಶಿವನಂಜಮ್ಮ ಕಿಟಕಿಯ ಹೊರಗಿನ ಗದ್ದೆಗಳನ್ನು ನೋಡುತ್ತಾರೆ. ನಾಟಿ ನಡೆದಿದೆ. ಹೆಂಗಸರು ಸಾಲಾಗಿ ಬಗ್ಗಿದ್ದಾರೆ.

"ಅದೆಲ್ಲ ನಂಗೂ ತಿಳೀದು ಸಾ," ಎನ್ನುತ್ತಾರೆ. "ಇವತ್ತೂ ಮೊದಲ್ನೇ ಗರಿ ತಗುಲ್ಬುಡ್ತು. ಒಂದೂ ತಗುಲ್ದಂಗೆ ಗೆದ್ದು, ಅವ್ಳು ಆ ಟೋಪಿ ತೆಗ್ದು ಕಲ್ ಮ್ಯಾಲೆ ಕೂತ್ಕಳೋದ ಒಂದ್ಸಲ ನೋಡ್ಬೇಕು. ಯಾವಾಗ್ಲೂ ನಿಂತೇ ಇರ್ತಾಳೆ, ಪಾಪ."

ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ನಾಳೆ ಬೆಳಿಗ್ಗೆ ಆದ್ರೂ ಆಯ್ತದೆ. ಬೀಗದ ಕೈ ನನ್ ತಾವೇ ಅದಲ್ಲ."